ಮೂರು ಸಲ ಸಮುದ್ರ ದಾಟಿದ ಕಾರ್ಡು

14 ಸೆಂಟಿಮೀಟರ್ ಉದ್ದ, 9 ಸೆಂಟಿಮೀಟರ್ ಅಗಲ. ಅಂಗೈ ಮೇಲೆ ಆರಾಮಾಗಿ ಕೂರುವ ಒಂದು ತೆಳು ರಟ್ಟು. ಅದರ ಮೇಲೆ ಬೆಂಗಳೂರಿನ ಸೌತ್ ಪರೇಡ್, ಅಂದರೆ ಇವತ್ತಿನ ಎಂ.ಜಿ. ರಸ್ತೆ. ಅಗಲವಾದ ಮಣ್ಣಿನ ದಾರಿ, ಅಂಚಿನಲ್ಲಿ ಮರಗಳ ಸಾಲು, ನೆರಳಿಗೆ ನಿಲ್ಲಿಸಿದ ಒಂದು ಜಟಕಾ, ತಲೆ ಮೇಲೆ ಬುಟ್ಟಿ ಹೊತ್ತು ಹೊರಟ ಒಬ್ಬ ಹೆಂಗಸು. ಇಷ್ಟೇ ಚಿತ್ರ. ಆದರೆ ಈ ರಟ್ಟು ಎಲ್ಲೆಲ್ಲಿ ಸುತ್ತಿ ಬಂದಿದೆ ಗೊತ್ತೇ? ನೂರು ವರ್ಷಕ್ಕೂ ಹಿಂದೆ ಯಾರೋ ಮುಕ್ಕಾಲಿಯ ಮೇಲೆ ದೊಡ್ಡ ಕ್ಯಾಮೆರಾ ನಿಲ್ಲಿಸಿ ಈ ದೃಶ್ಯವನ್ನು ಕಪ್ಪು ಬಿಳುಪಿನಲ್ಲಿ ಸೆರೆಹಿಡಿದರು. ಮದ್ರಾಸಿನ ಪ್ರಕಾಶಕರ ಕೈ ಸೇರಿದ ಆ ಫೋಟೊ ಹಡಗು ಹತ್ತಿ ಜರ್ಮನಿಗೆ ಹೋಯಿತು. ಅಲ್ಲಿ ಬಣ್ಣ ತುಂಬಿಸಿಕೊಂಡು ಕಾರ್ಡಾಗಿ ಅಚ್ಚಾಯಿತು. ಕಟ್ಟುಕಟ್ಟಾಗಿ ಮತ್ತೆ ಹಡಗಿನಲ್ಲಿ ಮದ್ರಾಸಿಗೆ, ಅಲ್ಲಿಂದ ರೈಲಿನಲ್ಲಿ ಬೆಂಗಳೂರಿಗೆ, ಕೊನೆಗೆ ತಾನು ಚಿತ್ರದಲ್ಲಿ ತೋರಿಸುವ ಅದೇ ರಸ್ತೆಯ ಅಂಗಡಿಯ ಕಪಾಟಿಗೆ! ದಂಡು ಪ್ರದೇಶದಲ್ಲಿದ್ದ ಒಬ್ಬ ಆಂಗ್ಲ ಯುವಕ ಅದನ್ನು ಕೊಂಡು, ಹಿಂಬದಿಯಲ್ಲಿ ನಾಲ್ಕು ಸಾಲು ಗೀಚಿ, ಊರಲ್ಲಿದ್ದ ತಂಗಿಗೆ ಕಳಿಸಿದ. ಮತ್ತೆ ಹಡಗು. ಆ ಹುಡುಗಿ ಅದನ್ನು ಆಲ್ಬಮ್ಮಿಗೆ ಸಿಕ್ಕಿಸಿದಳು. ಅವಳಾದ ಮೇಲೆ ಅವಳ ಮಕ್ಕಳು, ಮೊಮ್ಮಕ್ಕಳು, ಹಳೆ ಸಾಮಾನಿನ ವ್ಯಾಪಾರಿ, ಇಂಟರ್‌ನೆಟ್ಟಿನ ಹರಾಜು. ಈಗ ನನ್ನ ಮೇಜಿನ ಮೇಲಿದೆ, ಸೌತ್ ಪರೇಡ್‌ನಿಂದ ಬಸ್ಸಿನಲ್ಲಿ ಅರ್ಧ ಗಂಟೆ ದೂರದಲ್ಲಿ.

ಲೆಕ್ಕ ಹಾಕಿ. ಫೋಟೊ ಆಗಿ ಒಂದು ಸಲ, ಅಚ್ಚಾದ ಕಾರ್ಡಾಗಿ ಒಂದು ಸಲ, ಟಪಾಲಾಗಿ ಒಂದು ಸಲ. ಮೂರು ಸಲ ಸಮುದ್ರ ದಾಟಿ, ನಾಲ್ಕನೆಯ ಸಲ ವಿಮಾನದಲ್ಲಿ ಊರಿಗೆ ವಾಪಸು!

ಹಳೆಯ ಪಿಕ್ಚರ್ ಪೋಸ್ಟ್‌ಕಾರ್ಡುಗಳನ್ನು ಕೂಡಿಹಾಕುವುದೆಂದರೆ ಚಂದದ ಚಿತ್ರ ಆರಿಸಿ ಫ್ರೇಮು ಹಾಕಿಸಿ ಗೋಡೆಗೆ ನೇತುಹಾಕುವುದು ಎಂದು ಬಹಳ ಜನ ತಿಳಿದಿದ್ದಾರೆ. ಗೋಡೆಯ ಮಾತಿಗೆ ಆಮೇಲೆ ಬರುತ್ತೇನೆ. ಅದಕ್ಕೂ ಮೊದಲು ಕಾರ್ಡನ್ನು ಓದಬೇಕು. ಅಕ್ಷರ ಓದಿದ ಹಾಗೆಯೇ ಬಣ್ಣವನ್ನು ಓದಬೇಕು, ಕಾಗದವನ್ನು ಓದಬೇಕು, ಮುದ್ರೆಯನ್ನು, ಕಲೆಯನ್ನು, ತೂತನ್ನು ಸಹ ಓದಬೇಕು. ಓದಲು ಕುಳಿತರೆ ಒಂದು ಕಾರ್ಡಿಗೆ ಒಂದು ಸಂಜೆ ಸಾಲದು.

ಅದಕ್ಕೆ ಬೇಕಾದ ಸಾಮಾನು ಒಂದೇ, ಲೂಪ್. ಗಡಿಯಾರ ರಿಪೇರಿಯವರು, ಚಿನ್ನದಂಗಡಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುತ್ತಾರಲ್ಲ, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಸೂರ, ಅದು. ಕಾರ್ಡನ್ನು ಮೇಜಿನ ದೀಪದ ಕೆಳಗಿಟ್ಟು ಲೂಪಿನಿಂದ ಆಕಾಶದ ಭಾಗವನ್ನು ನೋಡಿ. ಬರಿಗಣ್ಣಿಗೆ ನುಣ್ಣಗೆ ಕಾಣುತ್ತಿದ್ದ ನೀಲಿ ಅಲ್ಲಿ ಒಡೆದು ಬೇರೆಯೇ ಒಂದು ಲೋಕವಾಗುತ್ತದೆ. ಕೆಲವು ಕಾರ್ಡುಗಳಲ್ಲಿ ಸಾಲುಸಾಲಾಗಿ ಜೋಡಿಸಿದ ಚುಕ್ಕಿಗಳು. ಅದು ಹಾಫ್‌ಟೋನ್, ಪತ್ರಿಕೆಯ ಫೋಟೊಗಳು ಅಚ್ಚಾಗುತ್ತಿದ್ದ ವಿಧಾನ. ಇನ್ನು ಕೆಲವು ಕಾರ್ಡುಗಳಲ್ಲಿ ಚುಕ್ಕಿಯೇ ಇಲ್ಲ! ಕಾಯಿಸಿದ ಹಾಲಿನ ಮೇಲೆ ಕೆನೆ ಸುಕ್ಕುಗಟ್ಟಿದ ಹಾಗೆ ಸಣ್ಣಸಣ್ಣ ನಿರಿಗೆಗಳು, ಒಂದಕ್ಕೊಂದು ಹೆಣೆದುಕೊಂಡು ಹಬ್ಬಿವೆ. ಇದು ಕೊಲೊಟೈಪ್. ದಪ್ಪ ಗಾಜಿನ ಹಲಗೆಗೆ ಬೆಳಕು ತಾಗಿದರೆ ಗಟ್ಟಿಯಾಗುವ ಜಿಲೆಟಿನ್ ಲೇಪಿಸಿ ಒಣಗಿಸುತ್ತಿದ್ದರು. ಒಣಗುವಾಗ ಅದರ ಮೈಯೆಲ್ಲ ಸೂಕ್ಷ್ಮವಾಗಿ ಸುಕ್ಕಾಗುತ್ತಿತ್ತು. ಮೇಲೆ ನೆಗೆಟಿವ್ ಇಟ್ಟು ಬೆಳಕು ಹಾಯಿಸಿದರೆ ಬೆಳಕು ಹೆಚ್ಚು ತಾಗಿದ ಕಡೆ ಜಿಲೆಟಿನ್ ಗಟ್ಟಿಯಾಗಿ ಶಾಯಿ ಹಿಡಿಯುತ್ತಿತ್ತು, ಮೆತ್ತಗೆ ಉಳಿದ ಕಡೆ ನೀರು ಕುಡಿದು ಶಾಯಿಯನ್ನು ದೂರ ತಳ್ಳುತ್ತಿತ್ತು. ಜಿಲೆಟಿನ್ ತಾನೇ ಎಷ್ಟು ಬಾಳೀತು? ಕೆಲವು ಸಾವಿರ ಪ್ರತಿಯಾಗುವಷ್ಟರಲ್ಲಿ ಹಲಗೆ ಸವೆದುಹೋಗುತ್ತಿತ್ತು. ಮರದ ಎಲೆಎಲೆಯೂ ಬೇರೆಬೇರೆಯಾಗಿ ಕಾಣುವ ನವುರು ಈ ಕಾರ್ಡುಗಳಿಗೆ ಬಂದದ್ದು ಆ ಸುಕ್ಕಿನಿಂದಲೇ.

ಬಣ್ಣದ ಕಥೆಯಂತೂ ಇನ್ನೂ ವಿಸ್ಮಯದ್ದು. ಮೂಲ ಫೋಟೊದಲ್ಲಿ ಬಣ್ಣವೇ ಇರಲಿಲ್ಲ. ಬಣ್ಣ ಹಾಕಿದವರು ಬೆಂಗಳೂರನ್ನು ಕಂಡವರೇ ಅಲ್ಲ, ಸಾವಿರಾರು ಮೈಲಿ ದೂರದ ಅಚ್ಚುಕೂಟದಲ್ಲಿ ಕೂತ ಕೆಲಸಗಾರರು. ಹೆಂಗಸಿನ ಸೀರೆಗೆ ಯಾವ ಬಣ್ಣ? ಜಟಕಾದವನ ರುಮಾಲಿಗೆ? ರಸ್ತೆಯ ಮಣ್ಣಿಗೆ? ಎಲ್ಲವೂ ಅಂದಾಜು. ಹಾಗಾಗಿ ಒಂದೇ ಫೋಟೊದ ಎರಡು ಬೇರೆ ಮುದ್ರಣ ಸಿಕ್ಕರೆ ಒಂದರಲ್ಲಿ ಸೀರೆ ಕೆಂಪು, ಇನ್ನೊಂದರಲ್ಲಿ ಹಸಿರು! ಲೂಪಿನಲ್ಲಿ ನೋಡಿದರೆ ಸೀರೆಯ ಕೆಂಪು ಅವಳ ಗಡಿಯನ್ನು ದಾಟಿ ಪಕ್ಕದ ಗೋಡೆಯ ಮೇಲೂ ಕೂದಲೆಳೆಯಷ್ಟು ಚೆಲ್ಲಿರುತ್ತದೆ. ಒಂದೊಂದು ಬಣ್ಣಕ್ಕೂ ಹಾಳೆ ಒಂದೊಂದು ಸಲ ಯಂತ್ರದೊಳಗೆ ಹೋಗಿಬರಬೇಕಿತ್ತು. ಅಂಥ ಒಂದು ಸುತ್ತಿನಲ್ಲಿ ಹಾಳೆ ಇಷ್ಟೇ ಇಷ್ಟು ಜರುಗಿದ ಗುರುತು ಅದು. ಆ ಕ್ಷಣ, ಆ ಅಚ್ಚುಕೂಟದ ಆ ಜರುಗು, ನಮ್ಮ ಕಣ್ಣೆದುರು ಹಾಗೇ ಇದೆ.

ಇದೆಲ್ಲ 1914ರಲ್ಲಿ ಹಠಾತ್ತನೆ ನಿಂತಿತು. ಮೊದಲ ಮಹಾಯುದ್ಧ ಶುರುವಾದದ್ದೇ ತಡ, ಜರ್ಮನಿಗೂ ಬ್ರಿಟಿಷ್ ಸಾಮ್ರಾಜ್ಯಕ್ಕೂ ವ್ಯಾಪಾರ ಕಡಿದುಬಿತ್ತು. ಕಾರ್ಡಿನ ಹಿಂಬದಿಯ ಮೂಲೆಯಲ್ಲಿ, ಇರುವೆ ಗಾತ್ರದ ಅಕ್ಷರದಲ್ಲಿ, ಜರ್ಮನಿಯಲ್ಲಿ ಅಥವಾ ಸ್ಯಾಕ್ಸನಿಯಲ್ಲಿ ಅಚ್ಚಾದದ್ದೆಂದು ಇಂಗ್ಲಿಷಿನಲ್ಲಿ ಬರೆದಿದ್ದರೆ ಅದು ಬಹುಮಟ್ಟಿಗೆ ಯುದ್ಧಕ್ಕಿಂತ ಹಿಂದಿನದು ಎಂದು ತಿಳಿಯಬಹುದು.

ಹೀಗೆ ಕಾಲ ಪತ್ತೆಹಚ್ಚುವ ಆಟಕ್ಕೆ ಇಳಿದರೆ ಮುಗಿಯಿತು, ಊಟದ ಹೊತ್ತು ನೆನಪಿರುವುದಿಲ್ಲ. ಕಾರ್ಡನ್ನು ತಿರುಗಿಸಿ. ಹಿಂಬದಿಯ ನಡುವೆ ಉದ್ದಕ್ಕೆ ಒಂದು ಗೆರೆ ಇದೆಯೇ, ಎಡಕ್ಕೆ ಒಕ್ಕಣೆ, ಬಲಕ್ಕೆ ವಿಳಾಸ ಎಂದು? ಮೊದಮೊದಲು ಆ ಗೆರೆ ಇರಲಿಲ್ಲ. ಹಿಂಬದಿ ಪೂರ್ತಿ ವಿಳಾಸಕ್ಕೇ ಮೀಸಲು. ಹೇಳುವ ಮಾತನ್ನು ಚಿತ್ರದ ಬದಿಯಲ್ಲೇ, ಆಕಾಶದಲ್ಲೋ ಕೆರೆಯ ನೀರಿನ ಮೇಲೋ ಇರುಕಬೇಕಿತ್ತು. ಬ್ರಿಟನ್ ಗೆರೆಗೆ ಅನುಮತಿ ಕೊಟ್ಟದ್ದು 1902ರಲ್ಲಿ, ಜರ್ಮನಿ 1905ರಲ್ಲಿ, ಅಮೆರಿಕ 1907ರಲ್ಲಿ. ಆ ಒಂದು ಗೆರೆಯಿಂದ ಚಿತ್ರಕ್ಕೆ ಇಡೀ ಮುಖ ಬಿಟ್ಟುಕೊಟ್ಟ ಹಾಗಾಯಿತು. ಮುಂದಿನ ಹತ್ತು ವರ್ಷ ಜಗತ್ತಿಗೆ ಕಾರ್ಡಿನ ಹುಚ್ಚು ಹಿಡಿಯಿತು.

ಇನ್ನು ಅಂಚೆಚೀಟಿ. ಏಳನೆಯ ಎಡ್ವರ್ಡ್ ದೊರೆಯ ತಲೆ ಭಾರತದ ಚೀಟಿಗಳ ಮೇಲೆ ಬಂದದ್ದು 1902ರಲ್ಲಿ, ಐದನೆಯ ಜಾರ್ಜ್‌ನದು 1911ರಲ್ಲಿ, ಆರನೆಯ ಜಾರ್ಜ್‌ನದು 1937ರಲ್ಲಿ. ಠಸ್ಸೆಯ ದುಂಡು ಮುದ್ರೆ ಸ್ಪಷ್ಟವಾಗಿದ್ದರೆ ತಾರೀಖೇ ಸಿಕ್ಕಿತು. ಚೀಟಿಯನ್ನು ಯಾರೋ ಮಕ್ಕಳ ಸಂಗ್ರಹಕ್ಕೆಂದು ಕಿತ್ತುಕೊಂಡಿದ್ದರೆ? ಆಗ ಚಿತ್ರವೇ ಸಾಕ್ಷಿ ಹೇಳಬೇಕು, ನನಗೆ ಅತಿ ಇಷ್ಟವಾದ ಭಾಗ ಇದು. ಬೆಂಗಳೂರಿನ ಬೀದಿಯಲ್ಲಿ ವಿದ್ಯುತ್ ದೀಪ ಬೆಳಗಿದ್ದು 1905ರ ಆಗಸ್ಟ್ 5ರಂದು. ಚಿತ್ರದ ಕಂಬದ ತುದಿಯಲ್ಲಿ ವಿದ್ಯುತ್ ದೀಪದ ಬುರುಡೆ ಇದ್ದರೆ ಕಾರ್ಡು ಅದಕ್ಕಿಂತ ಈಚಿನದು. ಬರೀ ಕಂಬ ಕಂಡರೆ ಸಾಲದು, ತಂತಿ ಸುದ್ದಿಯ ಕಂಬಗಳು ಅದಕ್ಕೂ ಮುಂಚೆಯೇ ಬಂದಿದ್ದವು. ಲೂಪ್ ಹಿಡಿದು ತುದಿಯನ್ನೇ ನೋಡಬೇಕು! ಕಬ್ಬನ್ ಪಾರ್ಕಿನ ಅಂಚಿನಲ್ಲಿ ವಿಕ್ಟೋರಿಯಾ ರಾಣಿಯ ಅಮೃತಶಿಲೆಯ ಪ್ರತಿಮೆ ನಿಂತಿದೆಯಲ್ಲ, ಅದರ ಅನಾವರಣ 1906ರ ಫೆಬ್ರವರಿಯಲ್ಲಿ. ಅದೇ ಜಾಗದ ಕಾರ್ಡಿನಲ್ಲಿ ಪ್ರತಿಮೆ ಇಲ್ಲದಿದ್ದರೆ ಫೋಟೊ ಅದಕ್ಕೂ ಹಿಂದಿನದು. ಕುದುರೆ ಏರಿದ ಮಾರ್ಕ್ ಕಬ್ಬನ್ ಪ್ರತಿಮೆ ಅಠಾರಾ ಕಚೇರಿಯ ಮುಂದೆ ಇರುವ ಕಾರ್ಡುಗಳಂತೂ ಎಷ್ಟೋ ಇವೆ. 2020ರಲ್ಲಿ ಆ ಪ್ರತಿಮೆಯನ್ನು ಪಾರ್ಕಿನೊಳಗೆ ಸಾಗಿಸಿದ್ದರಿಂದ ಆ ನೋಟ ಇನ್ನು ಕಾರ್ಡುಗಳಲ್ಲಿ ಮಾತ್ರ.

ಜೋಗದ ಕಾರ್ಡು ಮೊದಲ ಸಲ ಕೈಗೆ ಬಂದಾಗ ನಾನು ಎದ್ದು ನಿಂತುಬಿಟ್ಟೆ. ಆಗ ಅದರ ಹೆಸರು ಗೇರುಸೊಪ್ಪೆ ಜಲಪಾತ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಆದ ಮೇಲೆ ಶರಾವತಿ ಎಷ್ಟು ಧುಮುಕಬೇಕು ಎಂಬುದು ಮನುಷ್ಯನ ಕೈಗೆ ಬಂತು. ನಮ್ಮ ತಲೆಮಾರು ಕಂಡದ್ದೆಲ್ಲ ಆ ಜೋಗವನ್ನೇ. ಈ ಕಾರ್ಡಿನಲ್ಲಿರುವುದು ಕಟ್ಟಿಹಾಕದ ಶರಾವತಿ! ರಾಜ, ರೋರರ್, ರಾಕೆಟ್, ರಾಣಿ ನಾಲ್ಕೂ ಇವೆ, ನಮಗೆ ಬೇಸಿಗೆಯಲ್ಲಿ ಕಾಣುವ ನಾಲ್ಕು ಬಿಳಿ ಎಳೆಗಳ ಹಾಗಲ್ಲ. 253 ಮೀಟರ್ ಎತ್ತರದ ಬಂಡೆಯ ಬಹುಭಾಗ ನೀರಿನ ಹಿಂದೆ ಮರೆಯಾಗಿದೆ, ತಳದಲ್ಲಿ ಹೊಗೆಯಂತೆ ಎದ್ದ ತುಂತುರು ಅರ್ಧ ಕಣಿವೆಯನ್ನೇ ನುಂಗಿದೆ. ಆ ಕಾಲದ ಕ್ಯಾಮೆರಾಕ್ಕೆ ಬೆಳಕು ಬಹಳ ಹೊತ್ತು ಬೇಕಿತ್ತು, ಹಾಗಾಗಿ ನೀರು ನೀರಾಗಿ ಕಾಣದೆ ಹಾಸಿದ ಬಟ್ಟೆಯಾಗಿದೆ. ಮುಂದಿನ ಬಂಡೆಯ ಮೇಲೆ ಅಲುಗಾಡದೆ ನಿಂತವನು ಮಾತ್ರ ಸ್ಪಷ್ಟ. ಅವನಿಗೆ ಕೇಳಿಸುತ್ತಿದ್ದ ಸದ್ದನ್ನು ಊಹಿಸಿಕೊಳ್ಳಿ.

ಮೈಸೂರು ಅರಮನೆಯ ಕಾರ್ಡುಗಳಲ್ಲೂ ಹೀಗೇ ಒಂದು ಗುಟ್ಟಿದೆ. 1897ರಲ್ಲಿ ಮರದ ಅರಮನೆ ಸುಟ್ಟುಹೋಗಿ, ಹೆನ್ರಿ ಇರ್ವಿನ್ ನಕ್ಷೆಯ ಹೊಸ ಅರಮನೆ 1912ರಲ್ಲಿ ಮುಗಿಯಿತು. 1940ರ ಸುಮಾರಿಗೆ ಅದನ್ನು ಮತ್ತೆ ವಿಸ್ತರಿಸಿ ದರ್ಬಾರ್ ಹಾಲಿನ ಭಾಗಕ್ಕೆ ಇಂದಿನ ರೂಪ ಕೊಟ್ಟರು. ಆದ್ದರಿಂದ ಮೊದಲಿನ ಕಾರ್ಡುಗಳಲ್ಲಿ ಅರಮನೆಯ ಮುಖವೇ ಬೇರೆ. ದಸರೆಗೆ ಹೋಗಿಬಂದವರ ಮುಂದೆ ಆ ಕಾರ್ಡು ಇಟ್ಟರೆ ಒಂದು ಗಳಿಗೆ ತಡವರಿಸುತ್ತಾರೆ.

ಇಷ್ಟಕ್ಕೂ ಪೋಸ್ಟ್‌ಕಾರ್ಡಿಗೆ ಇಷ್ಟು ವಯಸ್ಸಾಗಿದೆ ಎಂಬುದೇ ಅಚ್ಚರಿ. ಸರಕಾರದ ಅಂಚೆ ಇಲಾಖೆಯೊಂದು ಕಾರ್ಡು ಹೊರಡಿಸಿದ್ದು ಮೊದಲು ಆಸ್ಟ್ರಿಯಾ–ಹಂಗೆರಿಯಲ್ಲಿ, 1869ರ ಅಕ್ಟೋಬರ್ 1ರಂದು. ಹತ್ತು ವರ್ಷ ಕಳೆಯುವುದರೊಳಗೆ, 1879ರ ಜುಲೈ 1ಕ್ಕೆ, ಭಾರತಕ್ಕೂ ಬಂತು. ಬೆಲೆ ಕಾಲಾಣೆ. ತಿಳಿ ಕಂದು ರಟ್ಟು, ಮೇಲೆ ವಿಕ್ಟೋರಿಯಾ ರಾಣಿಯ ಮುದ್ರೆ. ಆಗ ಮೈಸೂರು ಸೀಮೆಯಲ್ಲಿ ನಮ್ಮದೇ ಅಂಚೆ ಇತ್ತೆಂಬುದನ್ನು ಮರೆಯಬಾರದು. ಚಿಕ್ಕದೇವರಾಜ ಒಡೆಯರ ಕಾಲದಿಂದ ನಡೆದುಬಂದ ಮೈಸೂರು ಅಂಚೆ 1889ರಲ್ಲಷ್ಟೇ ಬ್ರಿಟಿಷ್ ಭಾರತದ ಅಂಚೆಯಲ್ಲಿ ವಿಲೀನವಾಯಿತು. ಚಿತ್ರದ ಕಾರ್ಡುಗಳ ಅಲೆ ಎದ್ದದ್ದು ಆ ಶತಮಾನ ಮುಗಿಯುವ ಹೊತ್ತಿಗೆ. ಲಂಡನ್ನಿನ ರಫೇಲ್ ಟಕ್ ಕಂಪನಿ ಎಣ್ಣೆಬಣ್ಣದ ಚಿತ್ರದಂತೆ ಕಾಣುವ ಆಯ್ಲೆಟ್ ಕಾರ್ಡುಗಳಲ್ಲಿ ಭಾರತದ ಊರು, ಕಸುಬು, ಬೀದಿಗಳನ್ನೆಲ್ಲ ಮಾರಿತು. 1940ರ ಡಿಸೆಂಬರಿನ ಬಾಂಬ್ ದಾಳಿಯಲ್ಲಿ ಆ ಕಂಪನಿಯ ಕಟ್ಟಡ, ಮೂಲಚಿತ್ರಗಳು, ಕಡತಗಳು ಎಲ್ಲ ಬೂದಿಯಾದವು. ಮನೆಮನೆಗೆ ಹೋದ ಅಗ್ಗದ ಕಾರ್ಡುಗಳು ಉಳಿದುಕೊಂಡವು! ನಮ್ಮ ಕಡೆ ಹಿಗ್ಗಿನ್‌ಬಾಥಮ್ಸ್, ವೀಲ್ ಅಂಡ್ ಕ್ಲೈನ್, ಸ್ಪೆನ್ಸರ್ಸ್ ಮೊದಲಾದ ಮದ್ರಾಸಿನ ಹೆಸರುಗಳು ಕಾರ್ಡುಗಳ ಮೇಲೆ ಮತ್ತೆಮತ್ತೆ ಸಿಗುತ್ತವೆ. ರವಿವರ್ಮ ಪ್ರೆಸ್ಸಿನವರೂ ಕಾರ್ಡು ಅಚ್ಚುಹಾಕಿದರು. ಕ್ಯಾಲೆಂಡರಿನಲ್ಲಿ, ದೇವರಮನೆಯಲ್ಲಿ ನಾವು ಕಂಡ ಲಕ್ಷ್ಮಿ ಸರಸ್ವತಿಯರು ಅಂಗೈಯಗಲಕ್ಕೆ ಇಳಿದು, ಬೆನ್ನ ಮೇಲೆ ವಿಳಾಸ ಬರೆಸಿಕೊಂಡು ಊರೂರು ಅಲೆದರು.

ಇಲ್ಲಿ ಒಂದು ಮಾತು ಹೇಳಲೇಬೇಕು. ಹಳೆಯ ಕಾರ್ಡು ಎಂದರೆ ದೊರೆಗಳ ಕಾಲದ ಬಣ್ಣದ ಕಾರ್ಡು ಮಾತ್ರ ಎಂದು ಹುಡುಕುವವರು ತಮ್ಮ ಮನೆಯಲ್ಲೇ ಇರುವ ನಿಧಿಯ ಮೇಲೆ ಕಾಲಿಟ್ಟು ನಡೆಯುತ್ತಾರೆ. ಚಿತ್ರವೇ ಇಲ್ಲದ ನಮ್ಮ ಹಳದಿ ಕಾರ್ಡು! ಊರಿನ ಹಳೆಯ ಮನೆಗಳಲ್ಲಿ ಕಂಬಕ್ಕೋ ಕಿಟಕಿಯ ಸರಳಿಗೋ ಒಂದು ಕಬ್ಬಿಣದ ತಂತಿ ನೇತಾಡುತ್ತಿತ್ತು, ಮೇಲೆ ಕೊಕ್ಕೆ, ಕೆಳಗೆ ಮರದ ಬಿಲ್ಲೆ. ಬಂದ ಕಾಗದವನ್ನು ಓದಿ, ಮನೆಯವರಿಗೆಲ್ಲ ಓದಿ ಹೇಳಿ, ನಡುಮಧ್ಯಕ್ಕೆ ಚುಚ್ಚಿ ತಂತಿಗೆ ಸಿಕ್ಕಿಸುತ್ತಿದ್ದರು. ಕಾರ್ಡನ್ನು ಮನೆಯಲ್ಲಿ ಪ್ರದರ್ಶನಕ್ಕಿಡುವ ನಮ್ಮದೇ ಪದ್ಧತಿ ಅದು, ಯಾವ ಫ್ರೇಮಿನ ಅಂಗಡಿಯೂ ಕಲಿಸಿಕೊಟ್ಟದ್ದಲ್ಲ. ತಂತಿ ತುಂಬಿದ ಮೇಲೆ ಹಾಗೇ ಅಟ್ಟಕ್ಕೆ ಹೋಗುತ್ತಿತ್ತು. ಬುಡದ ಕಾರ್ಡು ಅತಿ ಹಳೆಯದು, ತುದಿಯದು ಅತಿ ಹೊಸದು, ಒಂದು ಮನೆತನದ ಎಷ್ಟೋ ವರ್ಷಗಳು ಕ್ರಮ ತಪ್ಪದೆ ಪೋಣಿಸಿಕೊಂಡಿವೆ.

ನೆಂಟರೊಬ್ಬರ ಅಟ್ಟದಿಂದ ಇಳಿದ ಅಂಥ ಒಂದು ತಂತಿಯನ್ನು ನಾನು ಬುಡದಿಂದ ತುದಿಯವರೆಗೆ ಓದಿದ್ದೇನೆ. ‘ತೀರ್ಥರೂಪು ಸಮಾನರಾದ’ ಎಂದು ಶುರು, ‘ಉಭಯ ಕುಶಲೋಪರಿ ಸಾಂಪ್ರತ’ ಎಂದು ಒಂದು ಉಸಿರು, ಆಮೇಲೆ ಅಡಿಕೆಯ ಧಾರಣೆ, ಹಸು ಕರು ಹಾಕಿದ್ದು, ಹುಡುಗನಿಗೆ ಪರೀಕ್ಷೆಯಲ್ಲಿ ಬಂದ ಅಂಕ, ‘ಬರುವಾಗ ಒಂದು ಡಬ್ಬಿ ನಶ್ಯ ತರುವುದು’. ಜಾಗ ಮುಗಿದ ಮೇಲೆ ಅಂಚಿನ ಸುತ್ತ ಅಡ್ಡಡ್ಡ, ಅದೂ ಮುಗಿದ ಮೇಲೆ ವಿಳಾಸದ ನೆತ್ತಿಯ ಮೇಲೆ ತಲೆಕೆಳಗಾಗಿ! ಮೂಲೆಗೆ ಅರಿಶಿನ ಕುಂಕುಮ ಹಚ್ಚಿದ ಕಾರ್ಡುಗಳು ಮದುವೆ ಮುಂಜಿಯವು. ಅರಿಶಿನ ಮಾಸಿದೆ, ಕುಂಕುಮದ ಬೆರಳಚ್ಚು ಹಾಗೇ ಇದೆ. ವಿಳಾಸಗಳೇ ಒಂದು ಭೂಪಟ. ಪಿನ್ ಕೋಡ್ ಬಂದದ್ದು 1972ರ ಆಗಸ್ಟ್ 15ರಂದು, ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾದದ್ದು 1973ರ ನವೆಂಬರ್ 1ರಂದು. ಈ ಎರಡೂ ಬದಲಾವಣೆ ಆ ತಂತಿಯ ಮೇಲೆ ಎರಡು ಕಾರ್ಡುಗಳ ನಡುವೆ ಎಲ್ಲಿ ಬಂದಿವೆ ಎಂದು ಬೆರಳಿಟ್ಟು ತೋರಿಸಬಹುದು.

ಓದುತ್ತ ಓದುತ್ತ ಒಂದು ವಿಚಿತ್ರ ಹೊಳೆಯಿತು. ಇಷ್ಟು ವರ್ಷದ ಕಾರ್ಡುಗಳಲ್ಲಿ ಸಾವಿನ ಸುದ್ದಿಯೇ ಇಲ್ಲ! ಆ ಮನೆಯಲ್ಲಿ ಯಾರೂ ಸಾಯಲಿಲ್ಲವೇ? ಹಾಗಲ್ಲ. ಸಾವಿನ ಕಾಗದವನ್ನು ಓದಿದ ಕೂಡಲೇ ಹರಿದು ಹಾಕುವುದು ರೂಢಿ, ಮನೆಯೊಳಗೆ ಇಟ್ಟುಕೊಳ್ಳುತ್ತಿರಲಿಲ್ಲ. ಒಂದು ತಿಂಗಳು ‘ಅಜ್ಜಿಗೆ ಮೈ ಸರಿಯಿಲ್ಲ’ ಎಂಬ ಕಾರ್ಡಿದೆ, ಮುಂದಿನ ಕಾರ್ಡಿನಲ್ಲಿ ಅಜ್ಜಿಯ ವರ್ಷಾಂತಿಕಕ್ಕೆ ಬರುವ ಮಾತಿದೆ. ನಡುವಿನದು ಇಲ್ಲ. ಸಂಗ್ರಾಹಕರು ತಂತಿಯ ತೂತಿರುವ ಕಾರ್ಡನ್ನು ಊನವೆಂದು ಬದಿಗಿಡುತ್ತಾರೆ. ನನಗಂತೂ ಆ ತೂತು ಠಸ್ಸೆಯಷ್ಟೇ ಮುಖ್ಯ. ಈ ಕಾರ್ಡು ಒಂದು ಮನೆಯೊಳಗೆ ಬಂತು, ಓದಿಸಿಕೊಂಡಿತು, ಉಳಿಸಿಕೊಳ್ಳಲು ಯೋಗ್ಯವೆನಿಸಿತು ಎಂಬುದಕ್ಕೆ ಬೇರೆ ಯಾವ ಸಾಕ್ಷಿ ಬೇಕು?

ಈಗ ಗೋಡೆಯ ಮಾತು. ಕಾರ್ಡಿಗೆ ಎರಡು ಮುಖ, ಗೋಡೆಗೆ ಬೇಕಾದದ್ದು ಒಂದೇ. ಮನೆಯಲ್ಲಿ ಕಾರ್ಡು ತೋರಿಸಹೊರಟ ಎಲ್ಲರೂ ಎದುರಿಸುವ ಸಂಕಟ ಇದು. ಚಿತ್ರ ಹೊರಗಿಟ್ಟರೆ ಆ ಯುವಕ ತಂಗಿಗೆ ಬರೆದ ನಾಲ್ಕು ಸಾಲು ಕತ್ತಲೆಗೆ ಹೋಯಿತು. ಉಪಾಯವಿದೆ. ಎರಡು ಗಾಜಿನ ನಡುವೆ ಕಾರ್ಡು ಕೂರಿಸುವ ಫ್ರೇಮು ಮಾಡಿಸಿ ಗೋಡೆಗೆ ಹಾಕದೆ ಕಪಾಟಿನ ಮೇಲೆ ನಿಲ್ಲಿಸಬಹುದು, ಬಂದವರು ಎತ್ತಿ ತಿರುಗಿಸಿ ನೋಡುತ್ತಾರೆ. ಇನ್ನೂ ಒಳ್ಳೆಯದೆಂದರೆ ಹಿಂಬದಿಯನ್ನು ಸ್ಕ್ಯಾನ್ ಮಾಡಿ, ಅದರ ಅಚ್ಚನ್ನು ಅದೇ ಫ್ರೇಮಿನಲ್ಲಿ ಚಿತ್ರದ ಪಕ್ಕಕ್ಕೇ ಕೂರಿಸುವುದು. ಆಗ ನಿಂತಲ್ಲೇ ಎರಡೂ ಓದಬಹುದು. ನಮ್ಮ ಮನೆಗೆ ಬಂದವರು ಚಿತ್ರದ ಮುಂದೆ ನಿಲ್ಲುವುದಕ್ಕಿಂತ ಹೆಚ್ಚು ಹೊತ್ತು ಆ ಕೈಬರಹದ ಮುಂದೆ ನಿಲ್ಲುತ್ತಾರೆ.

ಕಾರ್ಡುಗಳನ್ನು ಹೇಗೆ ಸಾಲುಮಾಡಬೇಕು ಎಂಬುದಕ್ಕೆ ನನಗೆ ದಕ್ಕಿದ ದಾರಿ ಹೇಳುತ್ತೇನೆ. ಬಣ್ಣಕ್ಕೆ ಬಣ್ಣ ಜೋಡಿಸಲು ಹೋಗಬೇಡಿ, ರಸ್ತೆಯ ಕ್ರಮದಲ್ಲಿ ಹಾಕಿ! ನಮ್ಮ ನಡುಮನೆಯ ಉದ್ದ ಗೋಡೆಯ ಪಡುವಣ ತುದಿಯಲ್ಲಿ ಕಬ್ಬನ್ ಪಾರ್ಕು, ಮೂಡಣ ತುದಿಯಲ್ಲಿ ಟ್ರಿನಿಟಿ ಚರ್ಚು. ನಡುವೆ ಸೌತ್ ಪರೇಡ್‌ನ ಕಾರ್ಡುಗಳು, ನಿಜವಾದ ರಸ್ತೆಯಲ್ಲಿ ಯಾವುದಾದ ಮೇಲೆ ಯಾವುದು ಬರುತ್ತದೋ ಅದೇ ಸಾಲಿನಲ್ಲಿ. ಗೋಡೆಯ ಉದ್ದಕ್ಕೆ ನಡೆದರೆ ರಸ್ತೆಯ ಉದ್ದಕ್ಕೆ ನಡೆದಂತೆ. ಒಂದು ಕಾರ್ಡಿನ ಬಲ ಅಂಚಿನಲ್ಲಿ ಅರ್ಧಕ್ಕೆ ಕಡಿದುಹೋದ ಕಟ್ಟಡ ಮುಂದಿನ ಕಾರ್ಡಿನ ಎಡ ಅಂಚಿನಲ್ಲಿ ಪೂರ್ತಿಯಾಗುತ್ತದೆ! ಸಿಗದ ಕಾರ್ಡಿನ ಜಾಗ ಖಾಲಿ ಬಿಟ್ಟಿದ್ದೇನೆ, ಅದು ಖಾಲಿ ಇರುವುದರಿಂದಲೇ ಹುಡುಕಾಟ ಬಿಸಿಯಾಗಿದೆ. ಇದೇ ರೀತಿ ನಿಮ್ಮ ಊರಿನ ರೈಲು ಮಾರ್ಗವನ್ನು ನಿಲ್ದಾಣ ನಿಲ್ದಾಣವಾಗಿ, ಕಾವೇರಿಯನ್ನು ತಲಕಾವೇರಿಯಿಂದ ಶಿವನಸಮುದ್ರದವರೆಗೆ ಹರಿಸಬಹುದು.

ಕಾಪಾಡುವ ವಿಷಯದಲ್ಲಿ ಮಾತ್ರ ನಿಷ್ಠುರವಾಗಿರಬೇಕು. ಮೊದಲ ಶತ್ರು ಬಿಸಿಲು. ನೂರು ವರ್ಷ ಕತ್ತಲ ಆಲ್ಬಮ್ಮಿನಲ್ಲಿ ಉಳಿದ ಕೆಂಪು, ಕಿಟಕಿಯೆದುರಿನ ಗೋಡೆಯಲ್ಲಿ ಕೆಲವೇ ಬೇಸಿಗೆಯಲ್ಲಿ ಬಿಳಿಚಿಕೊಳ್ಳುತ್ತದೆ. ಬಿಸಿಲು ನೇರ ಬೀಳದ ಒಳಗೋಡೆ ಆರಿಸಿ, ಕೆಲವು ತಿಂಗಳಿಗೊಮ್ಮೆ ಮೂಲ ಕಾರ್ಡುಗಳನ್ನು ಬದಲಿಸಿ ವಿಶ್ರಾಂತಿ ಕೊಡಿ. ತೀರ ಅಪರೂಪದ್ದಾದರೆ ಗೋಡೆಗೆ ಅಚ್ಚು, ಬೀರುವಿಗೆ ಮೂಲ. ಕಾರ್ಡಿನ ಮೈ ಗಾಜಿಗೆ ತಾಗಬಾರದು. ಮಳೆಗಾಲದ ತೇವಕ್ಕೆ ಅಂಟಿಕೊಂಡರೆ ಬಿಡಿಸುವಾಗ ಬಣ್ಣವೇ ಎದ್ದುಬರುತ್ತದೆ. ನಡುವೆ ಮೌಂಟ್ ಬೋರ್ಡಿನ ಚೌಕಟ್ಟು ಇಡಿಸಿ, ಆಮ್ಲವಿಲ್ಲದ ಬೋರ್ಡೇ ಬೇಕೆಂದು ಫ್ರೇಮಿನವರಿಗೆ ಹೇಳಿ. ಅಂಟು, ಸೆಲೊಟೇಪು, ಗುಂಡುಪಿನ್ನು, ರಬ್ಬರ್ ಬ್ಯಾಂಡು ಒಂದೂ ಕೂಡದು, ನಾಲ್ಕು ಮೂಲೆಗೆ ಕಾಗದದ ಮೂಲೆಚೀಲ ಸಾಕು. ಲ್ಯಾಮಿನೇಷನ್ ಅಂದರೆ ಕಾರ್ಡಿನ ಕಥೆ ಅಲ್ಲಿಗೆ ಮುಗಿಯಿತು, ಅದನ್ನು ಬಿಡಿಸುವ ದಾರಿಯೇ ಇಲ್ಲ. ಪಿವಿಸಿ ಹಾಳೆಯ ಆಲ್ಬಮ್ಮುಗಳು ಕಾಲ ಕಳೆದಂತೆ ಜಿಗುಟಾಗಿ ಕಾರ್ಡನ್ನು ಕೆಡಿಸುತ್ತವೆ. ಪಾಲಿಪ್ರೊಪಿಲೀನ್ ಅಥವಾ ಪಾಲಿಯೆಸ್ಟರ್ ಚೀಲ ಕೇಳಿ ತನ್ನಿ. ಮಲೆನಾಡು, ಕರಾವಳಿಯವರು ಮಳೆ ಬೀಳುವ ಹೊರಗೋಡೆಗೆ ಕಾರ್ಡು ಹಾಕಲೇಬಾರದು. ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಡಿ, ಬಿಸಿಲು ಬಂದ ದಿನ ತೆರೆದು ಗಾಳಿಯಾಡಿಸಿ.

ಎಲ್ಲಿ ಸಿಗುತ್ತವೆ? ಹಳೆ ಪುಸ್ತಕದ ಅಂಗಡಿಗಳಲ್ಲಿ ಪುಸ್ತಕದೊಳಗೆ ಗುರುತಿಗಿಟ್ಟ ಕಾರ್ಡುಗಳು ಸಿಗುತ್ತವೆ. ಬೆಂಗಳೂರಿನ ಸಂಡೆ ಬಜಾರ್, ಮುಂಬೈಯ ಚೋರ್ ಬಜಾರ್, ಅಂಚೆಚೀಟಿ ಪ್ರದರ್ಶನಗಳ ವ್ಯಾಪಾರಿಗಳ ಮೇಜು, ವಿದೇಶದ ಆನ್‌ಲೈನ್ ಹರಾಜು, ಎಲ್ಲ ಕಡೆ ಕಣ್ಣಿಡಬೇಕು. ಹಳೆಯದೆಂದು ಹೊಸ ಅಚ್ಚನ್ನು ಮಾರುವವರೂ ಇದ್ದಾರೆ, ಅಲ್ಲಿ ಲೂಪೇ ರಕ್ಷೆ. ಇದು ಅಸಲಿ ಫೋಟೊ ಕಾರ್ಡು ಎಂದು ಹೇಳಿ ಕೊಟ್ಟದ್ದರಲ್ಲಿ ಚುಕ್ಕಿಗಳು ಕಂಡರೆ ವಾಪಸು ಇಡಿ. ನಿಜವಾದ ಫೋಟೊ ಕಾರ್ಡನ್ನು ಫೋಟೊ ಕಾಗದದ ಮೇಲೆಯೇ ತೊಳೆದಿರುತ್ತಾರೆ, ಎಷ್ಟು ಹಿಗ್ಗಿಸಿದರೂ ಚುಕ್ಕಿ ಕಾಣುವುದಿಲ್ಲ. ಓರೆಯಾಗಿ ಬೆಳಕಿಗೆ ಹಿಡಿದರೆ ಕಪ್ಪು ಭಾಗಗಳ ಅಂಚಿನಲ್ಲಿ ಬೆಳ್ಳಿಯ ಹೊಳಪು ಎದ್ದು ಬರುತ್ತದೆ, ವಯಸ್ಸಾದಂತೆ ಕಾಗದದೊಳಗಿನ ಬೆಳ್ಳಿ ಮೇಲೆ ಬಂದದ್ದು ಅದು!

2018ರಲ್ಲಿ ಲಂಡನ್ನಿನ ಸೋಆಸ್ ವಿಶ್ವವಿದ್ಯಾಲಯದ ಬ್ರೂನೈ ಗ್ಯಾಲರಿಯಲ್ಲಿ ಮದ್ರಾಸ್ ಮತ್ತು ಬೆಂಗಳೂರಿನ ಹಳೆಯ ಪಿಕ್ಚರ್ ಪೋಸ್ಟ್‌ಕಾರ್ಡುಗಳದೇ ಒಂದು ಪ್ರದರ್ಶನ ನಡೆಯಿತು. ಅದೇ ವರ್ಷ ಒಮರ್ ಖಾನ್ ಅವರ ‘ಪೇಪರ್ ಜ್ಯುವೆಲ್ಸ್’ ಪುಸ್ತಕ ಬಂತು, ಉಪಖಂಡದ ಕಾರ್ಡುಗಳ ಚರಿತ್ರೆಯನ್ನೇ ಅದು ತೆರೆದಿಟ್ಟಿದೆ. ಆದರೆ ಕನ್ನಡದಲ್ಲಿ ಬರೆದ ಕಾರ್ಡುಗಳು, ಸಂಕ್ರಾಂತಿಯ ಎಳ್ಳು ಬೆಲ್ಲದ ಚಿತ್ರವಿದ್ದ ಶುಭಾಶಯದವು, ತಂತಿಯ ತೂತಿನವು ಲಂಡನ್ನಿನ ಆಲ್ಬಮ್ಮುಗಳಲ್ಲಿ ಸಿಗುವಂಥವಲ್ಲ. ಅವು ಇಲ್ಲೇ ಅಟ್ಟಗಳಲ್ಲಿವೆ, ಮನೆ ಕೆಡವಿ ಕಟ್ಟುವಾಗ ರದ್ದಿಯವರ ಪಾಲಾಗುತ್ತಿವೆ. ಮನೆ ಖಾಲಿ ಮಾಡುವ ನೆಂಟರಿಗೆಲ್ಲ ನಾನು ಫೋನು ಮಾಡಿ ಕಾಡುತ್ತೇನೆ, ‘ಕಾಗದ ಯಾವುದನ್ನೂ ಎಸೆಯಬೇಡಿ, ನಾನು ಬಂದು ನೋಡುತ್ತೇನೆ’ ಎಂದು.

ಈ ವಾರ ಹೊಸದೊಂದು ಬಂದಿದೆ. ಬೆಂಗಳೂರು ದಂಡಿನ ಸಿಪಾಯಿಗಳ ಬ್ಯಾರಕ್ಕುಗಳ ಫೋಟೊ ಕಾರ್ಡು. ಉದ್ದಕ್ಕೆ ಹೆಂಚಿನ ಸಾಲು, ವರಾಂಡದ ಕಂಬಗಳು. ಒಂದು ಬಾಗಿಲ ಮೇಲೆ ಶಾಯಿಯಲ್ಲಿ ಸಣ್ಣ ಇಂಟು ಗುರುತು, ಹಿಂಬದಿಯಲ್ಲಿ ‘ಗುರುತು ಹಾಕಿದ್ದು ನನ್ನ ಕೋಣೆ’ ಎಂದು ಇಂಗ್ಲಿಷಿನಲ್ಲಿ ಒಂದು ಸಾಲು! ಯಾವ ಬ್ಯಾರಕ್ಕು, ಎಲ್ಲಿಯದು ಎಂದು ಅಚ್ಚಿನಲ್ಲಿ ಎಲ್ಲೂ ಇಲ್ಲ. ಸ್ಕ್ಯಾನ್ ಮಾಡಿ ಹಿಗ್ಗಿಸುತ್ತ ಹೋದೆ. ಹೆಂಚಿನ ಮೇಲೆ, ಮರಗಳ ಸಂದಿಯಲ್ಲಿ, ಅಕ್ಕಿಕಾಳಿನಷ್ಟು ಒಂದು ಗೋಪುರ. ಇನ್ನೂ ಹಿಗ್ಗಿಸಿದರೆ ಗೋಪುರದ ಮೈಯಲ್ಲಿ ಒಂದು ಬಿಳಿ ವೃತ್ತ. ಗಡಿಯಾರ! ದಂಡಿನಲ್ಲಿ ಗಡಿಯಾರದ ಗೋಪುರವಿರುವ ಹಳೆಯ ಚರ್ಚು ಎಂದ ಕೂಡಲೇ ತಲೆಗೆ ಬಂದದ್ದು 1860ರ ದಶಕದಲ್ಲಿ ಕಬ್ಬನ್ ರಸ್ತೆಯಲ್ಲಿ ಕಟ್ಟಿದ ಸೇಂಟ್ ಆಂಡ್ರ್ಯೂಸ್. ಅದಾದರೆ ಗಡಿಯಾರದ ಯಾವ ಮುಖ ಕಾಣುತ್ತಿದೆ, ನೆರಳು ಯಾವ ಕಡೆ ಬಿದ್ದಿದೆ ಎಂದು ನೋಡಿ ನಕ್ಷೆಯ ಮೇಲೆ ಗೆರೆ ಎಳೆಯಬಹುದು. ಪೆನ್ಸಿಲಿನಲ್ಲಿ ಎಳೆದೂ ಆಗಿದೆ. ಭಾನುವಾರ ಬೆಳಿಗ್ಗೆ ಕಬ್ಬನ್ ರಸ್ತೆಗೆ ಹೊರಟಿದ್ದೇನೆ, ಗೋಪುರ ಇದೇ ಕೋನದಲ್ಲಿ ಎಲ್ಲಿಂದ ಕಾಣುತ್ತದೆ ಎಂದು ನೋಡಬೇಕು.